ಫ್ರೀಜ್ ಮಾಡಿಟ್ಟ ಸ್ಟೆಮ್ ಸೆಲ್ ಎಷ್ಟು ವರ್ಷ ಇರುತ್ತದೆ?

ಪಾರಿಜಾತ:
ಅಪ್ಪನಿಗೆ ಮೈಲೋಮಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ಅವರದೇ ರಕ್ತದಿಂದ ಸ್ಟೆಮ್ ಸೆಲ್ (ಹೊಸ ರಕ್ತಕಣ ಹುಟ್ಟಿಸುವ ಮೂಲ ಜೀವಕೋಶ) ತೆಗೆದಿಟ್ಟು, ಜೋರು ಕೀಮೋ ಕೊಟ್ಟ ಮೇಲೆ ವಾಪಸ್ ಹಾಕುತ್ತಾರಂತೆ. ಅರ್ಧ ಈಗ ಬಳಸಿ ಇನ್ನರ್ಧ ಫ್ರೀಜ್ ಮಾಡಿಡೋಣ, ಕಾಯಿಲೆ ಮತ್ತೆ ಬಂದರೆ ಎರಡನೇ ಸಲಕ್ಕೆ ಬೇಕಾಗಬಹುದು ಅಂದರು ಡಾಕ್ಟರ್. ಐದಾರು ವರ್ಷ ಬಿಟ್ಟು ತೆಗೆದರೆ ಅವು ನಿಜವಾಗಲೂ ಬದುಕಿರುತ್ತವಾ? ಅತ್ತಿಗೆ ಬಸುರಿ ಬೇರೆ, ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನೂ ಅಪ್ಪನಿಗೆ ಅಂತ ಇಡಬೇಕಾ?

ಹೊಂಗೆಮರ:
ಬದುಕಿರುತ್ತವೆ, ಧೈರ್ಯವಾಗಿರಿ. ನಾನು ಇಂಥದ್ದೇ ಲ್ಯಾಬ್‌ನಲ್ಲಿದ್ದೇನೆ. ಪೆಟ್ಟು ಬೀಳುವುದು ಜಾಸ್ತಿ ಫ್ರೀಜ್ ಮಾಡುವಾಗ ಮತ್ತು ಕರಗಿಸುವಾಗ. ಬೇಗ ತಣ್ಣಗಾದರೆ ಜೀವಕೋಶದ ಒಳಗೇ ಮಂಜಿನ ಹರಳು ಮೂಡಿ ಅದನ್ನು ಹಾಳು ಮಾಡುತ್ತದೆ. ತೀರಾ ನಿಧಾನವಾದರೆ ಒಳಗಿನ ನೀರೆಲ್ಲ ಹೊರಟುಹೋಗಿ ಸೊರಗುತ್ತದೆ. ಅದಕ್ಕೇ ಮಂಜಿನ ಪೆಟ್ಟಿನಿಂದ ಕಾಪಾಡುವ ಡಿಎಂಎಸ್‌ಒ ಎಂಬ ದ್ರವವನ್ನು ಸಾಮಾನ್ಯವಾಗಿ ಶೇ 5ರಿಂದ 10ರಷ್ಟು ಸೇರಿಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಸುತ್ತೇವೆ. ಆಮೇಲೆ ದ್ರವ ಸಾರಜನಕದ ಟ್ಯಾಂಕ್. ದ್ರವದೊಳಗೆ ಮೈನಸ್ 196 ಡಿಗ್ರಿ, ಮೇಲಿನ ಆವಿಯಲ್ಲಿಟ್ಟರೂ ಮೈನಸ್ 150ಕ್ಕಿಂತ ಕೆಳಗೇ ಇರಬೇಕು. ಅಷ್ಟು ಚಳಿಯಲ್ಲಿ ಜೀವಕೋಶದೊಳಗಿನ ಕೆಲಸವೆಲ್ಲ ಹೆಚ್ಚುಕಡಿಮೆ ನಿಂತುಬಿಡುತ್ತದೆ. 20 ವರ್ಷ ದಾಟಿದ ಹೊಕ್ಕುಳಬಳ್ಳಿ ರಕ್ತದಲ್ಲೂ ಚೆನ್ನಾಗಿ ಬೆಳೆಯುವ ಸ್ಟೆಮ್ ಸೆಲ್ ಸಿಕ್ಕಿವೆ.

ಒಂದಿಷ್ಟು ಸಾಯುವುದಂತೂ ಇದ್ದದ್ದೇ. ಹಾಗಾಗಿ ಎಷ್ಟು ಸಂಗ್ರಹ ಆಯಿತು ಅಂತ ಕೇಳಿ. ಒಂದು ಸಲದ ಕಸಿಗೆ ಮೈತೂಕದ ಪ್ರತಿ ಕೆಜಿಗೆ ಕನಿಷ್ಠ 20 ಲಕ್ಷ ಸಿಡಿ34 ಜೀವಕೋಶ (ಸ್ಟೆಮ್ ಸೆಲ್‌ಗಳನ್ನು ಎಣಿಸಲು ಬಳಸುವ ಗುರುತು ಈ ಸಿಡಿ34) ಬೇಕು, ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು. ಎರಡು ಸಲಕ್ಕೆ ಅಂದರೆ ನೀವೇ ಲೆಕ್ಕ ಹಾಕಿ.

ನೀಲಿಬೆಟ್ಟ:
ನಮ್ಮ ಅಮ್ಮನಿಗೂ ಹೀಗೇ ಮಾಡಿದ್ದರು. ಚೀಲವನ್ನು 37 ಡಿಗ್ರಿ ನೀರಲ್ಲಿ ಬೇಗ ಕರಗಿಸಿ ತಡಮಾಡದೆ ಹಾಕಿಬಿಡುತ್ತಾರೆ, ಕರಗಿದ ಮೇಲೆ ಡಿಎಂಎಸ್‌ಒ ಜೀವಕೋಶಕ್ಕೇ ಒಳ್ಳೆಯದಲ್ಲ. ವಾಂತಿ ಬಂದ ಹಾಗಾಗಬಹುದು, ಉಸಿರಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ. ಅಪ್ಪನಿಗೆ ಮೊದಲೇ ಹೇಳಿಡಿ, ಸುಮ್ನೆ ಹೆದರಿಕೊಳ್ಳುತ್ತಾರೆ.

ಹೊಂಗೆಮರ:
ಹೊಕ್ಕುಳಬಳ್ಳಿ ವಿಷಯ ಮರೆತೆ. ನಿಮ್ಮ ಅಪ್ಪನಿಗೆ ಅಂತ ಇಡುವುದು ಬೇಡ. ಅವರ ಚಿಕಿತ್ಸೆ ಅವರದೇ ಜೀವಕೋಶದಿಂದ ನಡೆಯುತ್ತದೆ, ಮೊಮ್ಮಗುವಿನದು ಪೂರ್ತಿ ಹೊಂದುವುದೂ ಅಪರೂಪ. ಒಂದು ಬಳ್ಳಿಯಲ್ಲಿ ಸಿಗುವ ರಕ್ತ ದೊಡ್ಡವರ ಮೈಗೆ ಸಾಲದೇ ಹೋಗುವುದೂ ಉಂಟು. 1988ರಲ್ಲಿ ಪ್ಯಾರಿಸ್‌ನಲ್ಲಿ ಇಂಥ ಮೊದಲ ಕಸಿ ನಡೆದಾಗಲೂ ಪಡೆದವನು ಫ್ಯಾಂಕೋನಿ ಅನೀಮಿಯಾ ಎಂಬ ವಂಶವಾಹಿ ರಕ್ತದ ಕಾಯಿಲೆ ಇದ್ದ ಸಣ್ಣ ಹುಡುಗ, ಕೊಟ್ಟದ್ದು ಅವನ ತಂಗಿ ಹುಟ್ಟಿದಾಗ ತೆಗೆದಿಟ್ಟ ಬಳ್ಳಿ ರಕ್ತ.

ಪಾರಿಜಾತ:
ತುಂಬಾ ಥ್ಯಾಂಕ್ಸ್. ಆಸ್ಪತ್ರೆಯಲ್ಲಿ ಇನ್ನೇನು ಕೇಳಬೇಕು?

ಹೊಂಗೆಮರ:
ಸಾರಜನಕದ ಟ್ಯಾಂಕಾ, ಮೈನಸ್ 80ರ ಫ್ರೀಜರಾ ಅಂತ ಕೇಳಿ. ಸ್ವಲ್ಪ ದಿನಕ್ಕಾದರೆ ಫ್ರೀಜರ್ ನಡೆಯುತ್ತದೆ, ವರ್ಷಗಟ್ಟಲೆಗೆ ಟ್ಯಾಂಕೇ ಬೇಕು. ಟ್ಯಾಂಕಿಗೆ ಅಲಾರಂ ಇದೆಯಾ, ರಾತ್ರಿ ಬಡಿದರೆ ಯಾರು ಓಡಿಬರುತ್ತಾರೆ, ಪರೀಕ್ಷೆಗೆ ಅಂತ ಬೇರೆ ಸಣ್ಣ ಸೀಸೆಯಲ್ಲಿ ಒಂಚೂರು ಇಡುತ್ತಾರಾ ಅಂತಲೂ ವಿಚಾರಿಸಿ. ಇಷ್ಟು ವರ್ಷ ಇಡುತ್ತೇವೆ ಅನ್ನುವುದನ್ನು ಕಾಗದದಲ್ಲೇ ಬರೆಸಿಕೊಳ್ಳಿ.