ಔಷಧಿ ಹೊಡೆಯುವ ಡ್ರೋನ್: ಮೊದಲ ಕೆಲಸ ಹೇಗೆ ಸಿಕ್ಕಿತು?

ಶನಿವಾರಸಂತೆಯಿಂದ ಒಬ್ಬ ಹುಡುಗನ ಪ್ರಶ್ನೆ:
ತರಬೇತಿ ಮುಗಿಸಿ ಡ್ರೋನ್ ಪೈಲಟ್ ಸರ್ಟಿಫಿಕೇಟ್ ತಗೊಂಡು ನಾಲ್ಕು ತಿಂಗಳಾಯಿತು. ಹೋದಲ್ಲೆಲ್ಲ ‘ಎಷ್ಟು ಎಕರೆ ಹೊಡೆದಿದ್ದೀಯಾ’ ಅಂತ ಕೇಳುತ್ತಾರೆ. ಕೆಲಸವೇ ಕೊಡದಿದ್ದರೆ ಎಕರೆ ಎಲ್ಲಿಂದ ತರಲಿ? ಸಾಲ ಮಾಡಿ ಡ್ರೋನ್ ಕೊಡಿಸುತ್ತೇನೆ ಅಂತಿದ್ದಾರೆ ಅಪ್ಪ. ಈ ಕೆಲಸದಲ್ಲಿರುವ ಅಣ್ಣಂದಿರು, ಅಕ್ಕಂದಿರು ದಾರಿ ಹೇಳಿ.

ಕುಶಾಲನಗರದಿಂದ:
ತಮ್ಮಾ, ಸಾಲ ಸದ್ಯಕ್ಕೆ ಬೇಡ ಅಂತ ಅಪ್ಪನಿಗೆ ಹೇಳು. ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಒಂದು ಸೀಸನ್ ಬೇರೆಯವರ ಡ್ರೋನ್ ಜೊತೆ ಓಡಾಡು.

ನನ್ನನ್ನು ಮೊದಲು ಸೇರಿಸಿಕೊಂಡಿದ್ದು ಹಾರಿಸುವುದಕ್ಕಲ್ಲ, ಔಷಧಿ ಕಲಸುವುದಕ್ಕೆ. ಪಿರಿಯಾಪಟ್ಟಣದ ಕಡೆ ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಿದ್ದಿತ್ತು. ಬೆಳಿಗ್ಗೆ ಐದಕ್ಕೇ ಜೀಪಿಗೆ ಜನರೇಟರ್, ಬ್ಯಾಟರಿ, ನೀರಿನ ಡ್ರಮ್ ಏರಿಸುತ್ತಿದ್ದೆವು. 10 ಲೀಟರ್ ಟ್ಯಾಂಕ್ ಸುಮಾರು ಒಂದು ಎಕರೆಗೆ ಬರುತ್ತದೆ, ಏಳೆಂಟು ನಿಮಿಷದಲ್ಲಿ ಖಾಲಿ. ಇಳಿದ ಕೂಡಲೇ ಒಬ್ಬ ಬ್ಯಾಟರಿ ಬದಲಿಸಬೇಕು, ಇನ್ನೊಬ್ಬ ಟ್ಯಾಂಕ್ ತುಂಬಬೇಕು. ಬಿಸಿ ಬ್ಯಾಟರಿಯನ್ನು ಆರಲು ಬಿಡದೆ ಚಾರ್ಜಿಗೆ ಹಾಕಬಾರದು. ಔಷಧಿಯನ್ನು ಬಟ್ಟೆಯಲ್ಲಿ ಸೋಸದೆ ಸುರಿದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಆ ಸಾಲಿನಲ್ಲಿ ಹುಳು ಹಾಗೇ ಉಳಿಯುತ್ತದೆ, ಎರಡು ದಿನಕ್ಕೆ ರೈತನ ಫೋನ್ ಬರುತ್ತದೆ. ತರಬೇತಿಯಲ್ಲಿ ಇದನ್ನೆಲ್ಲ ಹೇಳಿಕೊಟ್ಟಿದ್ದರು, ಆದರೆ ಕೈಗೆ ಹತ್ತಿದ್ದು ಹೊಲದಲ್ಲೇ. ಮೂರನೇ ವಾರ ಮಾಲೀಕರಿಗೆ ಜ್ವರ ಬಂತು. ರಿಮೋಟ್ ನನ್ನ ಕೈಗೆ ಕೊಟ್ಟರು. ಅವತ್ತು ಹನ್ನೊಂದು ಎಕರೆ ಹೊಡೆದೆ.

ತಪ್ಪೂ ಮಾಡಿದ್ದೇನೆ. ಒಂದು ಗದ್ದೆ ಬದಿಯಲ್ಲಿ ಕರೆಂಟ್ ಕಂಬ ಕಂಡಿತ್ತು. ಅದರಿಂದ ಪಂಪ್‌ಸೆಟ್ಟಿಗೆ ಎಳೆದಿದ್ದ ತಂತಿ ಮಂಜಿನಲ್ಲಿ ಕಾಣಲಿಲ್ಲ. ಎರಡು ರೆಕ್ಕೆ ಮುರಿದು ಡ್ರೋನ್ ಕೆಸರಿಗೆ ಬಿತ್ತು. ಮಾಲೀಕರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು. ಆಮೇಲಿಂದ ಸುತ್ತ ನಡೆದು ನೋಡದೆ ನಾನು ಡ್ರೋನ್ ಎತ್ತಿಲ್ಲ. ನೀನೂ ಮಂಜು ಬಿಡುವವರೆಗೆ ಕಾಯಿ. ಗಾಳಿ ಎದ್ದರೆ ನಿಲ್ಲಿಸಿಬಿಡು, ಯಾರು ಎಷ್ಟೇ ಅವಸರ ಮಾಡಲಿ.

ಸಿದ್ದಾಪುರದಿಂದ:
ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವುದು. ತೋಟದಲ್ಲೇ ಕೆಲಸ ಸಿಗಲಿ ಅಂತ ಕಾದು ಕೂರಬೇಡಪ್ಪಾ. ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಲ್ಲಿ ನಮ್ಮ ಗಿಡ ಇರುವುದು. ಮೇಲಿಂದ ಹೊಡೆದರೆ ಔಷಧಿ ಮರದ ಎಲೆಯಲ್ಲೇ ನಿಲ್ಲುತ್ತದೆ. ಎಲೆ ತುಕ್ಕು ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ಎಲೆಯ ಅಡಿಗೆ ತಾಗಲಿ ಅಂತ ಅಲ್ವಾ? ಅದಕ್ಕೆ ಪೈಪ್ ಹಿಡಿದ ಆಳೇ ಬೇಕು. ಆದರೆ ಗದ್ದೆಗೆ ನಾವೂ ಡ್ರೋನ್ ಕರೆಸುತ್ತೇವೆ. ಬಂದವರ ಸರ್ಟಿಫಿಕೇಟ್, ಡ್ರೋನಿನ ನೋಂದಣಿ, ವಿಮೆ ಮೊದಲು ಕೇಳುತ್ತೇನೆ. ‘ಹತ್ತಿರ ಜೇನುಪೆಟ್ಟಿಗೆ ಇದೆಯಾ, ಕೆರೆ ಎಲ್ಲಿದೆ’ ಅಂತ ಅವರಾಗಿಯೇ ವಿಚಾರಿಸಿದರೆ ಅಂಥವರನ್ನು ಮುಂದಿನ ಸಲವೂ ಬಿಡುವುದಿಲ್ಲ.

ವಿರಾಜಪೇಟೆಯಿಂದ:
ಮನೆಯಲ್ಲಿ ಅಮ್ಮನೋ ಅಕ್ಕನೋ ಸ್ವಸಹಾಯ ಸಂಘದಲ್ಲಿದ್ದಾರಾ? 2023ರಲ್ಲಿ ಬಂದ ನಮೋ ಡ್ರೋನ್ ದೀದಿ ಯೋಜನೆ ಬಗ್ಗೆ ಸಂಘದಲ್ಲಿ ಕೇಳಿಸಿ. ಆಯ್ಕೆಯಾದ ಮಹಿಳಾ ಸಂಘಕ್ಕೆ ಬೆಲೆಯ ಶೇ. 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ ನೆರವಿದೆ. ಹಾರಿಸುವುದು ಸಂಘದ ಹೆಂಗಸರೇ. ಆದರೂ ರಿಪೇರಿ, ಸಾಗಾಟ, ಬ್ಯಾಟರಿ ಅಂತ ಜೊತೆಗೆ ಒಬ್ಬರು ಬೇಕೇ ಬೇಕು. ಅಪ್ಪ ಸಾಲಕ್ಕೆ ಓಡಾಡುವ ಮೊದಲು ಇದೊಂದು ವಿಚಾರಿಸಿ ನೋಡು.

ಕುಶಾಲನಗರದಿಂದ ಮತ್ತೆ:
ತಮ್ಮಾ, ಮೇ ಕೊನೆಗೆ ನಾವು ಜೋಳದ ಕೆಲಸಕ್ಕೆ ಇಳಿಯುತ್ತೇವೆ. ಒಬ್ಬ ಹುಡುಗ ಬೇಕು. ಮೊದಲು ಕಲಸುವ ಕೆಲಸ, ದಿನಗೂಲಿ ಕೊಡುತ್ತೇವೆ, ಊಟ ನಮ್ಮದು. ಹೊಡೆದ ಎಕರೆಯನ್ನು ದಿನಾ ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ, ನಾನು ಸಹಿ ಹಾಕಿಕೊಡುತ್ತೇನೆ. ಗಂಬೂಟು, ಮಾಸ್ಕ್ ತಗೊಂಡು ಬಾ.