ಫೋನಿನಲ್ಲಿ ತಲೆಗೆ ಕಟ್ಟಿದ ಚಂದಾ, ಈಗ ವಸೂಲಿಯವರ ಬೆದರಿಕೆ: ಏನು ಮಾಡುವುದು?

ಸಂಪಿಗೆ:
"ಒಂದು ತಿಂಗಳು ಪುಕ್ಕಟೆ, ಬೇಡ ಅನ್ನಿಸಿದರೆ ಬಿಡಿ" ಎಂದು ಫೋನಿನಲ್ಲಿ ಹೇಳಿ ಪತ್ರಿಕೆಯ ಚಂದಾ ಹಾಕಿಸಿದ್ದಾರೆ. ಯಾವುದಕ್ಕೂ ಸಹಿ ಹಾಕಿಲ್ಲ. ಬೇಡವೆಂದು ಎರಡು ಸಲ ಫೋನಿನಲ್ಲೇ ಹೇಳಿಯಾಗಿದೆ. ಎರಡು ಕಂತು ಹೋದ ಮೇಲೆ ಕಾರ್ಡ್ ಬದಲಾಯಿಸಿದೆ. ಈಗ ವಸೂಲಿ ಏಜೆನ್ಸಿಯೊಂದು ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡಿ, ಇಡೀ ವರ್ಷದ ಹಣ ಕಟ್ಟದಿದ್ದರೆ ಕೋರ್ಟು, ಪೊಲೀಸು ಅನ್ನುತ್ತಿದೆ. ಸ್ವಲ್ಪ ಕಟ್ಟಿ ಕೈತೊಳೆದುಕೊಳ್ಳಲೇ?

ಲೆಕ್ಕಪತ್ರ:
ಸ್ವಲ್ಪವೂ ಕಟ್ಟಬೇಡಿ. ಭಾಗಶಃ ಕಟ್ಟಿದರೆ ಬಾಕಿ ಒಪ್ಪಿಕೊಂಡ ಹಾಗಾಗುತ್ತದೆ. ಬಹಳ ಕಡೆ ಅವರು ದಾವೆ ಹೂಡಲು ಇರುವ ಕಾಲಮಿತಿಯೂ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ.

ಫೋನಿನಲ್ಲಿ ಹೇಳಿದ "ಬೇಡ"ಕ್ಕೆ ನಿಮ್ಮ ಕೈಯಲ್ಲಿ ಸಾಕ್ಷಿಯಿಲ್ಲ. ಹಾಗಾಗಿ ಚಂದಾ ಮಾರಿದ ಕಂಪನಿಗೇ ಸ್ವೀಕೃತಿ ಬರುವ ಅಂಚೆಯಲ್ಲಿ ಪತ್ರ ಹಾಕಿ, ಪ್ರತಿಯನ್ನು ಇಮೇಲ್ ಮಾಡಿ. ಇಷ್ಟು ಬರೆದರೆ ಸಾಕು:

"ಇಂಥ ದಿನಾಂಕದ ಕರೆಯಲ್ಲಿ ಆಯಿತೆನ್ನುವ ಒಪ್ಪಂದವನ್ನು ನಾನು ಒಪ್ಪುವುದಿಲ್ಲ. ಒಪ್ಪಂದವಿದೆ ಎಂಬುದೇ ನಿಮ್ಮ ವಾದವಾದರೆ ಈ ಪತ್ರವೇ ಅದರ ರದ್ದತಿ. ಆ ಕರೆಯ ಪೂರ್ತಿ ಧ್ವನಿಮುದ್ರಣ ಕಳುಹಿಸಿ. ನನ್ನ ಕಾರ್ಡ್ ಅಥವಾ ಖಾತೆಯಿಂದ ಹಣ ತೆಗೆಯುವ ಅನುಮತಿಯನ್ನು ಇಂದಿನಿಂದ ಹಿಂತೆಗೆದುಕೊಂಡಿದ್ದೇನೆ."

"ಪೂರ್ತಿ" ಎಂಬ ಮಾತು ಬಿಡಬೇಡಿ. ಪುಕ್ಕಟೆ ಎಂದು ಆಸೆ ತೋರಿಸಿದ್ದೆಲ್ಲ ಬಿಟ್ಟು, ಕೊನೆಯ "ಹೌದು, ಸರಿ" ಅಷ್ಟನ್ನೇ ಮುದ್ರಿಸಿಟ್ಟಿರುವುದುಂಟು. ಕಾರಣ ಕೊಡದೆ ರದ್ದು ಮಾಡುವ ಅವಧಿ ದೇಶದಿಂದ ದೇಶಕ್ಕೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಫೋನ್ ಖರೀದಿಗೆ 14 ದಿನ. ಆ ಹಕ್ಕಿನ ಬಗ್ಗೆ ತಿಳಿಸದೆ ಇದ್ದರೆ ಅದಕ್ಕೆ ಇನ್ನೂ 12 ತಿಂಗಳು ಸೇರುತ್ತದೆ.

ಇನ್ನು ಕಾರ್ಡ್ ಬದಲಾಯಿಸಿದ್ದನ್ನೇ ನಂಬಿ ಕೂರಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಹೊಸ ಕಾರ್ಡಿನ ನಂಬರನ್ನು ಹಳೆಯ ವ್ಯಾಪಾರಿಗೆ ತಾನಾಗಿಯೇ ಮುಟ್ಟಿಸುವ ಅಪ್‌ಡೇಟರ್ ಸೇವೆಯಿದೆ. ಆ ವ್ಯಾಪಾರಿಗೆ ಕೊಟ್ಟ ಅನುಮತಿ ರದ್ದಾಗಿದೆ ಎಂದು ಬ್ಯಾಂಕಿಗೂ ಬರೆದು ತಿಳಿಸಿ, ಹೋದ ಎರಡು ಕಂತಿಗೆ ಚಾರ್ಜ್‌ಬ್ಯಾಕ್ (ವ್ಯಾಪಾರಿಗೆ ಹೋದ ಹಣವನ್ನು ಬ್ಯಾಂಕಿನ ಮೂಲಕ ವಾಪಸು ಪಡೆಯುವುದು) ಕೇಳಿ. ಅದಕ್ಕೆ ಗಡುವಿರುತ್ತದೆ, ತಡಮಾಡಬೇಡಿ.

ಕಾನೂನುಕಟ್ಟೆ:
ಏಜೆನ್ಸಿಗೆ ಪತ್ರ ಬೇರೆಯೇ ಬೇಕು. "ಈ ಬಾಕಿಗೆ ನನ್ನ ತಕರಾರಿದೆ" ಎಂದು ಶುರುಮಾಡಿ, ಮೂಲ ಕಂಪನಿಯ ಹೆಸರು, ಒಪ್ಪಂದದ ಪ್ರತಿ, ಅಸಲು ಎಷ್ಟು, ಮೇಲೆ ಸೇರಿಸಿದ ಶುಲ್ಕ ಎಷ್ಟು, ವಸೂಲಿಗೆ ಇವರಿಗೆ ಅಧಿಕಾರ ಕೊಟ್ಟ ಕಾಗದ, ಇವನ್ನೆಲ್ಲ ಕೇಳಿ. ಅಮೆರಿಕದಲ್ಲಾದರೆ ಮೊದಲ ನೋಟಿಸ್ ಕೈಸೇರಿದ 30 ದಿನದೊಳಗೆ ಹೀಗೆ ಬರೆದರೆ ಪುರಾವೆ ಒದಗಿಸುವ ತನಕ ಅವರು ವಸೂಲಿ ನಿಲ್ಲಿಸಲೇಬೇಕು. "ತಡವಾಯಿತು, ಮುಂದಿನ ತಿಂಗಳು ನೋಡೋಣ" ಎಂಬಂಥ ಒಂದು ಸಾಲೂ ನಿಮ್ಮಿಂದ ಹೋಗಬಾರದು. ಅದನ್ನೇ ಒಪ್ಪಿಗೆ ಎಂದು ತೋರಿಸುತ್ತಾರೆ.

ಏಜೆನ್ಸಿಯವರು ಪೊಲೀಸರ ಹೆಸರು ಹೇಳುವುದು ಬರೀ ಹೆದರಿಸುವುದಕ್ಕೆ. ಚಂದಾ ಬಾಕಿ ಸಿವಿಲ್ ವಿಷಯ. ಅವರ ಪತ್ರದ ಕ್ರಿಯಾಪದಗಳನ್ನು ಗಮನಿಸಿ: "ಕ್ರಮ ಜರುಗಿಸಬಹುದು", "ದಾವೆ ಹೂಡಬಹುದು". ಎಲ್ಲವೂ "ಬಹುದು". ನಿಜವಾದ ಸಮನ್ಸ್‌ನಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಹಾಜರಾಗಬೇಕಾದ ಇಲ್ಲವೇ ಉತ್ತರ ಕೊಡಬೇಕಾದ ದಿನ ಇರುತ್ತದೆ. ಅನುಮಾನವಿದ್ದರೆ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡದೆ, ನ್ಯಾಯಾಲಯದ ನಂಬರನ್ನು ನೀವೇ ಹುಡುಕಿ ಕೇಳಿ. ನಿಜವೆಂದಾದರೆ ಮಾತ್ರ ಒಂದು ದಿನವೂ ಸುಮ್ಮನಿರಬೇಡಿ. ಉತ್ತರ ಕೊಡದವರ ಮೇಲೆ ಏಕಪಕ್ಷೀಯ ತೀರ್ಪು ಬರುತ್ತದೆ. ಆಮೇಲೆ ಚಂದಾ ಹಾಕಿದ್ದೀರೋ ಇಲ್ಲವೋ ಎಂಬ ವಾದವನ್ನು ಮತ್ತೆ ತೆಗೆಯುವುದು ಬಲು ಕಷ್ಟ.

ಸಂಪಿಗೆ:
ಅಲ್ಲಿಯವರೆಗೆ ಅವರ ಫೋನ್ ಎತ್ತಬೇಕೇ?

ಕಾನೂನುಕಟ್ಟೆ:
ಎತ್ತಲೇಬೇಕೆಂದಿಲ್ಲ. ಎತ್ತಿದರೆ "ಬರಹದಲ್ಲಿ ಕಳುಹಿಸಿ" ಎಂದಷ್ಟೇ ಹೇಳಿ ಇಟ್ಟುಬಿಡಿ. ಹುಟ್ಟಿದ ದಿನಾಂಕ, ಖಾತೆ ಸಂಖ್ಯೆ "ಖಚಿತಪಡಿಸಲು" ಕೇಳಿದರೆ ಕೊಡಬೇಡಿ. ಪ್ರತಿ ಕರೆಯ ದಿನಾಂಕ, ಗಂಟೆ, ನಂಬರ್, ಆಡಿದ ಮಾತು ಒಂದು ಪುಸ್ತಕದಲ್ಲಿ ಬರೆದಿಡಿ. ಕಿರುಕುಳದ ದೂರು ಕೊಡುವಾಗ ಅದೇ ಸಾಕ್ಷಿ.

ಲೆಕ್ಕಪತ್ರ:
ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿಯನ್ನೂ (ನಿಮ್ಮ ಸಾಲ, ಬಾಕಿಗಳ ದಾಖಲೆ) ತೆಗೆಸಿ ನೋಡಿ. ಈ ಬಾಕಿ ಅಲ್ಲಿ ಸೇರಿದ್ದರೆ, ಅಂಚೆ ಸ್ವೀಕೃತಿಯ ಪ್ರತಿ ಲಗತ್ತಿಸಿ ವರದಿ ಕೊಟ್ಟ ಸಂಸ್ಥೆಗೇ ತಿದ್ದುಪಡಿಗೆ ಬರೆಯಿರಿ.