ಮೈಕ್ರೋ ಬೀಮ್ ಸಿಮ್ಯುಲೇಷನ್: ಫ್ರೀಕ್ವೆನ್ಸಿ ಇಷ್ಟು ಜಾಸ್ತಿ ಯಾಕೆ?

ಕೋಥ್ರೂಡ್ ಹುಡುಗಿ:
ನಮಸ್ಕಾರ. ಪುಣೆಯಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ನನ್ನದು ಎರಡೂ ತುದಿ ಬಿಗಿದ ಸಿಲಿಕಾನ್ ಬೀಮ್. ಉದ್ದ 200 ಮೈಕ್ರಾನ್, ಅಗಲ 20, ದಪ್ಪ 2. ಕೈಲೆಕ್ಕದಲ್ಲಿ ಮೊದಲ ಮೋಡ್ (ಬೀಮ್ ತಾನಾಗಿ ಕಂಪಿಸುವ ಅತಿ ಕಡಿಮೆ ಫ್ರೀಕ್ವೆನ್ಸಿ) 438 ಕಿಲೋಹರ್ಟ್ಜ್. ಕ್ಯಾಲ್ಕ್ಯುಲಿಕ್ಸ್ ಸಿಮ್ಯುಲೇಷನ್ ಸಾಫ್ಟ್‌ವೇರ್‌ನಲ್ಲಿ 700 ದಾಟುತ್ತಿದೆ! ಮೆಶ್ (ಲೆಕ್ಕಕ್ಕಾಗಿ ಬೀಮನ್ನು ತುಂಡು ಮಾಡಿದ ಜಾಲ) ಸಣ್ಣದು ಮಾಡಿದರೆ ಇಳಿಯುತ್ತದೆ, ಆದರೆ ಲ್ಯಾಪ್‌ಟಾಪ್‌ನ 8 ಜಿಬಿ ಸಾಲುತ್ತಿಲ್ಲ. ಯೂನಿಟ್ ಮೈಕ್ರಾನ್, ಕೆಜಿ, ಸೆಕೆಂಡ್. ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಅನ್ನುವ ಅಳತೆ) 169000, ಸಾಂದ್ರತೆ 2.33×10⁻¹⁵. ಎಲಿಮೆಂಟ್, ಅಂದರೆ ಮೆಶ್‌ನ ತುಂಡಿನ ಬಗೆ, ಸಿ3ಡಿ4. ಯೂನಿಟ್ ಸರಿ ಇದೆ ಅಲ್ವಾ?

ಪೊವಾಯಿ:
ಯೂನಿಟ್ ಸರಿಯಾಗಿದೆ ತಂಗಿ. ಅದು ತಪ್ಪಿದ್ದರೆ ಉತ್ತರ ಸಾವಿರ ಪಟ್ಟು ಆಚೀಚೆ ಹೋಗುತ್ತಿತ್ತು.

ಕಾಟ ಕೊಡುತ್ತಿರುವುದು ಸಿ3ಡಿ4. ನಾಲ್ಕು ಮೂಲೆಯ ಆ ತುಂಡಿನೊಳಗೆ ಸ್ಟ್ರೇನ್ (ಹಿಗ್ಗು ಕುಗ್ಗಿನ ಪ್ರಮಾಣ) ಎಲ್ಲ ಕಡೆ ಒಂದೇ. ಬೀಮ್ ಬಾಗಬೇಕಾದರೆ ಒಂದು ಮೈ ಹಿಗ್ಗಬೇಕು, ಇನ್ನೊಂದು ಮೈ ಕುಗ್ಗಬೇಕು. ದಪ್ಪದಲ್ಲಿ ಒಂದೋ ಎರಡೋ ತುಂಡು ಇಟ್ಟರೆ ಅದಕ್ಕೆ ಜಾಗವೇ ಇಲ್ಲ, ಬೀಮ್ ಸೆಟೆದು ನಿಲ್ಲುತ್ತದೆ. ಅದಕ್ಕೇ ಫ್ರೀಕ್ವೆನ್ಸಿ ಏರಿದೆ. ಮೆಶ್ ಸಣ್ಣದು ಮಾಡುತ್ತಾ ಕೂರಬೇಡಿ, ಎಲಿಮೆಂಟ್ ಬದಲಾಯಿಸಿ. ಸಿ3ಡಿ20ಆರ್ ಹಾಕಿ, ಅದು ಇಟ್ಟಿಗೆಯಾಕಾರದ ತುಂಡು, ಅದರೊಳಗೆ ಸ್ಟ್ರೇನ್ ಬದಲಾಗಬಲ್ಲದು. ದಪ್ಪಕ್ಕೆ 2, ಅಗಲಕ್ಕೆ 4, ಉದ್ದಕ್ಕೆ 40. ಒಟ್ಟು 320 ಎಲಿಮೆಂಟ್. 8 ಜಿಬಿ ಧಾರಾಳವಾಯಿತು.

ಹಾಗೇ ವೇಫರ್ (ಸಿಲಿಕಾನ್ ಬಿಲ್ಲೆ) ಮೇಲೆ ಬೀಮ್ ಯಾವ ದಿಕ್ಕಿಗಿದೆ ನೋಡಿ. ನೀವು ಕೊಟ್ಟ ಯಂಗ್ಸ್ ಮಾಡ್ಯುಲಸ್, ಅಂದರೆ 169 ಗಿಗಾಪ್ಯಾಸ್ಕಲ್ ಅನ್ನುವುದು ಸಿಲಿಕಾನ್ ಹರಳಿನ 110 ಎಂಬ ದಿಕ್ಕಿಗೆ. 100 ದಿಕ್ಕಿಗೆ ತಿರುಗಿಸಿದರೆ 130, ಆಗ ಕೈಲೆಕ್ಕವೇ 384ಕ್ಕೆ ಇಳಿಯುತ್ತದೆ.

ಮಡಗಾಂವ್‌ಕರ್:
ಚಿಪ್ ಮಾಡಿಸಿ ಅಳೆಯುವ ಯೋಚನೆ ಇದ್ದರೆ ತಯಾರಿಸುವಾಗ ಒಳಗೆ ಉಳಿದ ಸ್ಟ್ರೆಸ್ (ಎಳೆತ ಇಲ್ಲವೇ ಒತ್ತಡ) ಮರೀಬೇಡಿ. ತಂಬೂರಿ ತಂತಿ ಬಿಗಿದ ಹಾಗೆಯೇ ಇದು. ನಿಮ್ಮ ಬೀಮಿಗೆ 50 ಮೆಗಾಪ್ಯಾಸ್ಕಲ್ ಎಳೆತ ಇದ್ದರೆ 438 ಇದ್ದದ್ದು ಹತ್ತಿರ ಹತ್ತಿರ 600 ಆಗುತ್ತದೆ. ಅದೇ ಒತ್ತಡವಾಗಿ 56 ಮುಟ್ಟಿದರೆ ಬೀಮ್ ಬಾಗಿ ಕೂತುಬಿಡುತ್ತದೆ. ಒಂದೇ ತುದಿ ಹಿಡಿದ ಬೀಮಿಗೆ ಈ ತಲೆನೋವು ಕಡಿಮೆ, ಇನ್ನೊಂದು ತುದಿ ಸರಿದು ಸ್ಟ್ರೆಸ್ ಬಿಟ್ಟುಕೊಡುತ್ತದೆ. ಮೊದಲು ಸ್ಟ್ರೆಸ್ ಕೊಟ್ಟು ಸ್ಟ್ಯಾಟಿಕ್ ಸ್ಟೆಪ್ (ಕಂಪನವಿಲ್ಲದ ಲೆಕ್ಕ) ಓಡಿಸಿ. ಆಮೇಲೆ ಫ್ರೀಕ್ವೆನ್ಸಿ ಸ್ಟೆಪ್‌ಗೆ ಪರ್ಟರ್ಬೇಷನ್ (ಹಿಂದಿನ ಸ್ಟೆಪ್‌ನ ಸ್ಟ್ರೆಸ್ ಬಳಸು ಎನ್ನುವ ಆಯ್ಕೆ) ಸೇರಿಸಿ. ಇಲ್ಲದಿದ್ದರೆ ಆ ಸ್ಟ್ರೆಸ್ ಲೆಕ್ಕಕ್ಕೇ ಬರುವುದಿಲ್ಲ.

ಕೋಥ್ರೂಡ್ ಹುಡುಗಿ:
ಸಿ3ಡಿ20ಆರ್ ಹಾಕಿದೆ, 440ರ ಹತ್ತಿರ ಬಂತು! ಕಣ್ಣು ಮುಚ್ಚಿ ತೆಗೆಯುವುದರೊಳಗೆ ರನ್ ಮುಗಿಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ಸ್ಟ್ರೆಸ್ ನಾಳೆ ಸೇರಿಸುತ್ತೇನೆ. ಇನ್ನೊಂದು ಪ್ರಶ್ನೆ. ಬೀಮಿನ ಕೆಳಗೆ 2 ಮೈಕ್ರಾನ್ ಗಾಳಿ ಸಂದು ಇದೆ. ಕ್ಯೂ ಫ್ಯಾಕ್ಟರ್ (ಕಂಪನದ ಶಕ್ತಿ ಎಷ್ಟು ನಿಧಾನವಾಗಿ ಸೋರುತ್ತದೆ ಅನ್ನುವ ಅಳತೆ) ಇದೇ ರನ್‌ನಿಂದ ಸಿಗುತ್ತಾ?

ಪೊವಾಯಿ:
ಸಿಗುವುದಿಲ್ಲ. ಈ ರನ್‌ನಲ್ಲಿ ಡ್ಯಾಂಪಿಂಗ್ (ಕಂಪನ ತಗ್ಗಿಸುವ ಶಕ್ತಿನಷ್ಟ) ಇಲ್ಲವೇ ಇಲ್ಲ, ಬೀಮ್ ನಿರ್ವಾತದಲ್ಲಿದ್ದ ಹಾಗೆ. ಅಷ್ಟು ಚಿಕ್ಕ ಸಂದಿನಲ್ಲಿ ಬೀಮ್ ಕೆಳಗಿಳಿದಾಗ ಗಾಳಿ ಪಕ್ಕಕ್ಕೆ ನುಗ್ಗಿ ಹೋಗಬೇಕು. ಹೆಚ್ಚಿನ ಶಕ್ತಿ ಹೋಗುವುದು ಅಲ್ಲೇ. ಅದಕ್ಕೆ ರೆನಾಲ್ಡ್ಸ್ ಸಮೀಕರಣವನ್ನು (ತೆಳು ಸಂದಿನಲ್ಲಿ ಗಾಳಿಯ ಒತ್ತಡದ ಲೆಕ್ಕ) ಬೇರೆಯಾಗಿ ಬಿಡಿಸಿ. ನಮ್ಮ ಸುತ್ತಲಿನ ಗಾಳಿಯಲ್ಲಿ ಅಣು ಡಿಕ್ಕಿ ಹೊಡೆಯದೆ ಹೋಗುವ ದೂರ ಸುಮಾರು 0.07 ಮೈಕ್ರಾನ್. ಸಂದು ಅದಕ್ಕಿಂತ ತುಂಬಾ ದೊಡ್ಡದು, ಹಾಗಾಗಿ 2 ಮೈಕ್ರಾನ್ ಸಂದಿಗೆ ಸ್ಲಿಪ್ ತಿದ್ದುಪಡಿ (ಗಾಳಿ ಗೋಡೆಯ ಮೇಲೆ ಸ್ವಲ್ಪ ಜಾರುವುದರ ಲೆಕ್ಕ) ಸಾಕು. ಪ್ಯಾಕೇಜ್ ಒಳಗಿನ ಗಾಳಿ ತೆಗೆಯುವುದಾದರೆ ಮಾತ್ರ ಬೇರೆ ಮಾಡೆಲ್ ಬೇಕು. ನಿಮ್ಮದು ಯಾವುದು, ತೆರೆದ ಚಿಪ್ಪೋ, ಸೀಲ್ ಮಾಡಿದ್ದೋ?